ಪ್ಲಾಸ್ಟರಿಂಗ್‌ಗೆ ಮೊದಲೇ ಹಾಕಬೇಕಾದ ಒಂದು ಪೈಪು: ಮನೆಗೆ ಸೆಂಟ್ರಲ್ ವ್ಯಾಕ್ಯೂಮ್ ಬೇಕೆನ್ನುವವರಿಗೆ

ನಾನು ಕೋಲಾರದಲ್ಲಿ ಪ್ಲಂಬಿಂಗ್ ಕೆಲಸ ಮಾಡಿಸುವವನು. ಇಪ್ಪತ್ತೆರಡು ವರ್ಷದಿಂದ ನೀರಿನ ಲೈನು, ಸ್ಯಾನಿಟರಿ ಲೈನು, ಇದೇ ನನ್ನ ಅನ್ನ. ಟಮಕದ ಹತ್ತಿರ ಮನೆ ಕಟ್ಟಿಸುತ್ತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ದಿನ ಕರೆದು ಕೇಳಿದರು: "ನೀರಿನ ಪೈಪು ಹಾಕ್ತೀಯ ಸರಿ. ಗಾಳಿ ಎಳೆಯೋ ಪೈಪು ಹಾಕ್ತೀಯೇನಪ್ಪಾ?"

ಕೆನಡಾದಲ್ಲಿರುವ ಮಗನ ಮನೆಯಲ್ಲಿ ಅವರು ಅದನ್ನು, ಅಂದರೆ ಸೆಂಟ್ರಲ್ ವ್ಯಾಕ್ಯೂಮನ್ನು, ನೋಡಿ ಬಂದಿದ್ದರು. ಗೋಡೆಯಲ್ಲಿ ಪ್ಲಗ್ ಪಾಯಿಂಟಿನಷ್ಟು ಒಂದು ಮುಚ್ಚಳ. ತೆಗೆದು ಉದ್ದನೆಯ ಹೋಸ್ ಸಿಕ್ಕಿಸಿದರೆ ಕಸ ಎಳೆಯುತ್ತದೆ. ಮೋಟರ್ ಕೂತಿರುವುದು ಗ್ಯಾರೇಜಿನಲ್ಲಿ. ಮನೆಯೊಳಗೆ ಸದ್ದು ಕಡಿಮೆ, ಧೂಳು ಮತ್ತೆ ಮೇಲೇಳುವುದಿಲ್ಲ. ಮೇಷ್ಟ್ರ ಹೆಂಡತಿಗೆ ದಮ್ಮು ಇತ್ತು. ಅದಕ್ಕೇ ಮೇಷ್ಟ್ರಿಗೆ ಅಷ್ಟು ಆಸೆ.

ಆ ಮನೆಯ ನಂತರ ಇನ್ನೂ ನಾಲ್ಕು ಮನೆಗೆ, ಒಂದು ಅಪಾರ್ಟ್‌ಮೆಂಟಿಗೆ ಈ ಪೈಪು ಹಾಕಿದ್ದೇನೆ. ಇದನ್ನು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ. ಮೆಷಿನ್ ಇವತ್ತೇ ಬೇಕಿಲ್ಲ. ಐದು ವರ್ಷ ಬಿಟ್ಟು ತಂದರೂ ನಡೆಯುತ್ತದೆ. ಆದರೆ ಪೈಪನ್ನು ಪ್ಲಾಸ್ಟರಿಂಗ್‌ಗೆ ಮೊದಲೇ ಹಾಕಿಸಿಬಿಡಿ. ಅಮೆರಿಕ, ಕೆನಡಾದಲ್ಲಿ ಗೋಡೆಗಳು ಮರದ ಚೌಕಟ್ಟಿನವು, ಒಳಗೆಲ್ಲ ಟೊಳ್ಳು. ಕಟ್ಟಿದ ಮೇಲೂ ಪೈಪು ಇಳಿಸಬಹುದು. ನಮ್ಮದು ಸಾಲಿಡ್ ಬ್ಲಾಕು, ಇಟ್ಟಿಗೆ, ಆರ್‌ಸಿಸಿ. ಒಂದು ಸಲ ಮುಚ್ಚಿದರೆ ಮುಗಿಯಿತು.

ನನಗೆ ಈ ಕೆಲಸದ ಮೇಲೆ ಯಾಕೆ ಇಷ್ಟು ಪ್ರೀತಿ ಅಂತ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದವರು. ಚಿನ್ನ ತೆಗೆದು ಉಳಿದ ಪುಡಿಯ ದಿಬ್ಬಗಳನ್ನು ನಾವು ಸೈನೈಡ್ ಗುಡ್ಡ ಅನ್ನುತ್ತಿದ್ದೆವು. ಆಷಾಢದ ಗಾಳಿಗೆ ಆ ನುಣುಪು ಪುಡಿ ಬಾಗಿಲು ಸಂದಿಯಲ್ಲೂ ನುಗ್ಗುತ್ತಿತ್ತು. ಅಮ್ಮ ದಿನಕ್ಕೆ ಮೂರು ಸಲ ಗುಡಿಸುತ್ತಿದ್ದರು, ಗುಡಿಸಿದ ಮೇಲೆ ಕೆಮ್ಮುತ್ತಿದ್ದರು. ಭಾರತದಲ್ಲಿ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ, 1934ರಲ್ಲಿ. ಕಲ್ಲಿನ ಪುಡಿ ಎದೆಯೊಳಗೆ ಕೂತರೆ ಹೊರಗೆ ಬರುವುದಿಲ್ಲ. ಅಪ್ಪ ಹೇಳುತ್ತಿದ್ದರು, ಕಲ್ಲು ಕೊರೆಯುವಾಗ ನೀರು ಬಿಡಬೇಕು, ಆಗ ಧೂಳು ಏಳುವುದಿಲ್ಲ ಅಂತ. ಅಮ್ಮನೂ ಅಂಗಳಕ್ಕೆ ನೀರು ಚಿಮುಕಿಸಿಯೇ ಪೊರಕೆ ಹಿಡಿಯುತ್ತಿದ್ದರು. ಮನೆಯೊಳಗೆ ಹಾಗೆ ಮಾಡೋಕಾಗಲ್ಲ ಅಲ್ವಾ? ಅಲ್ಲಿ ಧೂಳನ್ನು ಏಳಿಸದೆ ಹೊರಗೆ ಕಳಿಸುವ ದಾರಿ ಬೇಕು.

ಇದು ಹೊಸ ಯೋಚನೆಯೂ ಅಲ್ಲ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಮಾಡಿದ ವ್ಯಾಕ್ಯೂಮ್ ಮೆಷಿನ್ ಎಷ್ಟು ದೊಡ್ಡದೆಂದರೆ, ಅದನ್ನು ಕುದುರೆ ಗಾಡಿಯಲ್ಲಿ ತಂದು ರಸ್ತೆಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಒಳಗೆ ಹೋಸ್ ಬಿಡುತ್ತಿದ್ದರು. 1902ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಫ್ರಿಕ್ ಬಿಲ್ಡಿಂಗಿನಲ್ಲಿ ಡೇವಿಡ್ ಕೆನ್ನಿ ಎಂಬಾತ ಮೆಷಿನ್ನನ್ನು ಒಂದೇ ಕಡೆ ಕೂರಿಸಿ, ಕಟ್ಟಡದೊಳಗೆಲ್ಲ ಪೈಪು ಎಳೆದ. ಶಿವನಸಮುದ್ರದಿಂದ ನಮ್ಮ ಕೆಜಿಎಫ್‌ಗೆ ಕರೆಂಟು ಬಂದದ್ದೂ ಅದೇ 1902ರಲ್ಲಿ. ಆಮೇಲೆ ಕೈಯಲ್ಲಿ ತಳ್ಳುವ ಚಿಕ್ಕ ಮೆಷಿನ್ ಬಂತು, ಪೈಪಿನದು ಹಿಂದೆ ಬಿತ್ತು.

ಈಗ ಕೆಲಸಕ್ಕೆ ಬರೋಣ.

ಮೊದಲು ಒಂದು ಹಗ್ಗ ತನ್ನಿ

ಗೋಡೆಯ ಬಾಯಿಗೆ ಇನ್‌ಲೆಟ್ ಅನ್ನುತ್ತಾರೆ. ಸಾಮಾನ್ಯವಾಗಿ ಸಿಗುವ ಹೋಸ್ 9 ಮೀಟರ್, ಅಂದರೆ 30 ಅಡಿ. ಹಾಗಾಗಿ ಇನ್‌ಲೆಟ್ ಎಲ್ಲಿರಬೇಕು ಅನ್ನುವುದನ್ನು ಕಾಗದದ ಮೇಲೆ ತೀರ್ಮಾನ ಮಾಡಬೇಡಿ. ಗೋಡೆ ಎದ್ದ ಮೇಲೆ, 9 ಮೀಟರ್ ಹಗ್ಗ ಹಿಡಿದು ಸೈಟಿಗೆ ಹೋಗಿ. ಒಂದು ತುದಿಯನ್ನು ಇನ್‌ಲೆಟ್ ಬರಬೇಕೆಂದಿರುವ ಜಾಗದಲ್ಲಿ ಮೊಳೆಗೆ ಕಟ್ಟಿ. ಇನ್ನೊಂದು ತುದಿ ಹಿಡಿದು ಒಂದೊಂದು ರೂಮಿನ ಮೂಲೆಗೂ ನಡೆಯಿರಿ. ಹಗ್ಗ ಬಾಗಿಲು ಸುತ್ತಿ ಬರಬೇಕು. ಮಂಚ, ಸೋಫಾ ಎಲ್ಲಿ ಬರುತ್ತದೋ ಅದನ್ನೂ ಸುತ್ತಬೇಕು. ತಲುಪದ ಮೂಲೆ ಇದ್ದರೆ ಮೊಳೆ ಜರುಗಿಸಿ.

ಮೇಷ್ಟ್ರ ಮನೆ 30x40 ಸೈಟು, ಡ್ಯೂಪ್ಲೆಕ್ಸ್. ಮೊದಲು ಹಾಲಿನ ಮೂಲೆಯಲ್ಲಿ ಹಾಕೋಣ ಅಂದುಕೊಂಡಿದ್ದೆವು. ಹಗ್ಗ ಹಿಡಿದು ನೋಡಿದರೆ ಹಿಂದಿನ ಬೆಡ್‌ರೂಮಿನ ಕಿಟಕಿ ಕೆಳಗೆ ತಲುಪಲಿಲ್ಲ. ಹಾಲಿನಿಂದ ರೂಮುಗಳಿಗೆ ಹೋಗುವ ಪ್ಯಾಸೇಜಿಗೆ ತಂದೆವು. ಒಂದೇ ಇನ್‌ಲೆಟ್ಟಿಗೆ ಇಡೀ ಕೆಳಮಹಡಿ ಸಿಕ್ಕಿತು. ಮೇಲಿನ ಮಹಡಿಗೆ ಅದರ ನೆತ್ತಿಯ ಮೇಲೇ ಇನ್ನೊಂದು. ಒಟ್ಟು ಎರಡು. ಬಾಗಿಲು ತೆರೆದರೆ ಮರೆಯಾಗುವ ಕಡೆ ಇನ್‌ಲೆಟ್ ಬೇಡ. ನೆಲದಿಂದ ಒಂದೂವರೆ ಅಡಿ ಎತ್ತರ ಸಾಕು.

ಅಡುಗೆಮನೆಗೆ ಇನ್ನೊಂದು ಅನುಕೂಲವಿದೆ. ಕೆಳಗಿನ ಕ್ಯಾಬಿನೆಟ್ಟಿನ ಪಾದದ ಪಟ್ಟಿಯಲ್ಲಿ, ನೆಲಕ್ಕೆ ಸಮವಾಗಿ ಒಂದು ಸಂದು ಬಿಡಬಹುದು. ಕಸವನ್ನು ಪೊರಕೆಯಲ್ಲಿ ಅಲ್ಲಿಗೆ ತಳ್ಳಿ ಕಾಲಲ್ಲಿ ಸ್ವಿಚ್ ಒತ್ತಿದರೆ ಎಳೆದುಕೊಳ್ಳುತ್ತದೆ. ಮೊರ ಹಿಡಿದು ಬಗ್ಗುವ ಕೆಲಸವಿಲ್ಲ. ಸೊಂಟ ನೋವಿರುವವರ ಮನೆಗೆ ನಾನು ಇದನ್ನು ಬಲವಂತವಾಗಿಯೇ ಹೇಳುತ್ತೇನೆ. ಮನೆಗೆಲಸದ ಅಕ್ಕಂದಿರ ಸೊಂಟವೂ ಸೊಂಟವೇ.

ಹೋಸ್ ಗೋಡೆಯೊಳಗೇ ಸೇರಿಕೊಳ್ಳುವ ಬಗೆಯೂ ಇದೆ. ಎಳೆದರೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ. ಚೆನ್ನಾಗಿದೆ. ಆದರೆ ಹೋಸ್ ಎಷ್ಟು ಉದ್ದವೋ ಅಷ್ಟು ಉದ್ದದ ಪೈಪು ಅದಕ್ಕೇ ಮೀಸಲಿಡಬೇಕು, ಬೆಂಡುಗಳೂ ಅದರದೇ ಸೆಟ್ಟಿನವಾಗಿರಬೇಕು. ಇದು ಬೇಕಿದ್ದರೆ ಮೊದಲೇ ಹೇಳಿ.

ಮೋಲ್ಡ್ ಹಾಕುವ ದಿನ, ಗೋಡೆಯ ದಿನ

ಮೇಲಿನ ಮಹಡಿಗೆ ಪೈಪು ಹೋಗಬೇಕಾದರೆ ಮೋಲ್ಡ್, ಅಂದರೆ ಆರ್‌ಸಿಸಿ ಚಾವಣಿ, ದಾಟಬೇಕು. ಆಮೇಲೆ ಕೊರೆಯುವುದಕ್ಕಿಂತ, ಕಾಂಕ್ರೀಟ್ ಸುರಿಯುವ ಮೊದಲೇ 75 ಎಂಎಂ ಪೈಪಿನ ತುಂಡೊಂದನ್ನು ಆ ಜಾಗದಲ್ಲಿ ನಿಲ್ಲಿಸಿ, ಒಳಗೆ ಮರಳು ತುಂಬಿ, ಬಾಯಿಗೆ ಗೋಣಿ ತುರುಕಿ. ಕಂಬಿ ಕಟ್ಟುವವರಿಗೆ ತೋರಿಸಿಯೇ ಇಡಿ. ಬೀಮು, ಪಿಲ್ಲರ್ ಮುಟ್ಟಲೇಬೇಡಿ. ಒಂದು ಪೈಪಿಗೋಸ್ಕರ ಬೀಮ್ ಕೊರೆದಿದ್ದನ್ನು ಒಂದು ಕಡೆ ನೋಡಿದ್ದೇನೆ. ಆ ಮನೆಯವರು ಎಂಜಿನಿಯರನ್ನು ಕರೆಸಿ ಎಲ್ಲ ಮತ್ತೆ ನೋಡಿಸಬೇಕಾಯಿತು.

ಗೋಡೆಯ ವಿಷಯ. ಪೈಪು ಎರಡಿಂಚು ದಪ್ಪ. 4 ಇಂಚಿನ ಗೋಡೆಯಲ್ಲಿ ಎರಡಿಂಚಿನ ಗ್ರೂವ್ ಹೊಡೆದರೆ ಗೋಡೆ ಅನ್ನುವುದೇ ಉಳಿಯುವುದಿಲ್ಲ. 6 ಇಂಚಿನ ಸಾಲಿಡ್ ಬ್ಲಾಕಿನಲ್ಲಿ ಮೇಲಿಂದ ಕೆಳಕ್ಕೆ ಹೊಡೆಯಬಹುದು, ಅಡ್ಡಕ್ಕೆ ಬೇಡ. ನನಗೆ ಇಷ್ಟದ ದಾರಿ ಬೇರೆ. ಬಾತ್‌ರೂಮಿನ ಪೈಪುಗಳು ಇಳಿಯುವ ಡಕ್ಟ್ ಇರುತ್ತದಲ್ಲ, ಅದರಲ್ಲಿ ಇಳಿಸಿ. ಇಲ್ಲವೇ ವಾರ್ಡ್‌ರೋಬಿನ ಹಿಂದಿನ ಮೂಲೆ. ಅಡ್ಡಕ್ಕೆ ಹೋಗಬೇಕಾದರೆ ಕೆಳಮಹಡಿಯ ಫಾಲ್ಸ್ ಸೀಲಿಂಗ್ ಮೇಲೆ. ಟೈಲ್ಸ್ ಕೆಳಗಿನ ಫಿಲ್ಲಿಂಗಿನಲ್ಲಿ ಹಾಕೋಣ ಅಂತ ಟೈಲ್ಸಿನವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಆ ಫಿಲ್ಲಿಂಗ್ ಎರಡು, ಎರಡೂವರೆ ಇಂಚು. ಪೈಪೇ ಎರಡಿಂಚು. ಅದರ ಮೇಲೆ ಟೈಲ್ಸ್ ನಿಲ್ಲುವುದಾದರೂ ಹೇಗೆ?

ಪೈಪು, ಬೆಂಡು, ಸೊಲ್ಯೂಷನ್

ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ. ಕೆಲಸ ಕೆಡುವುದು ಇಲ್ಲೇ.

ನೀರಿನ ಲೈನಿನ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ನೀರಿನ ಪೈಪಿನಲ್ಲಿ ಮುಖ್ಯ ಒತ್ತಡ ತಡೆಯುವುದು. ಇಲ್ಲಿ ಮುಖ್ಯ ಒಳಮೈ ನುಣುಪಾಗಿರುವುದು. ವ್ಯಾಕ್ಯೂಮ್ ಪೈಪಿನ ಪ್ಲಾಸ್ಟಿಕ್ ತೆಳು. ಅದರ ಫಿಟಿಂಗ್ ಒಳಗೆ ಒಂದು ಮೆಟ್ಟಿಲಿರುತ್ತದೆ. ಆ ಮೆಟ್ಟಿಲಿನ ಎತ್ತರವೂ ಪೈಪಿನ ಪ್ಲಾಸ್ಟಿಕ್ಕಿನ ದಪ್ಪವೂ ಒಂದೇ. ಸೇರಿಸಿದಾಗ ಒಳಗೆ ಕೈಯಾಡಿಸಿದರೂ ಜಾಯಿಂಟ್ ಎಲ್ಲಿದೆ ಅಂತ ಗೊತ್ತಾಗಬಾರದು. ನಮ್ಮ ಅಂಗಡಿಯ 50 ಎಂಎಂ ಪೈಪು ನೋಡೋಕೆ ಹಾಗೇ ಕಾಣುತ್ತದೆ. ಆದರೆ ಅಮೆರಿಕ ಅಳತೆಯ ವ್ಯಾಕ್ಯೂಮ್ ಪೈಪಿನ ಹೊರ ಅಳತೆ 50.8 ಎಂಎಂ. ಒಂದರ ಪೈಪಿಗೆ ಇನ್ನೊಂದರ ಬೆಂಡ್ ಹಾಕಿದರೆ ಒಂದೋ ಕೂರಲ್ಲ, ಇಲ್ಲವೇ ಸಡಿಲ. ಪೈಪು, ಫಿಟಿಂಗ್ ಎರಡನ್ನೂ ಒಂದೇ ಸೆಟ್ಟಿನಲ್ಲಿ ತರಿಸಿ.

ಬೆಂಡುಗಳು ಉದ್ದ ತಿರುವಿನವಾಗಿರಬೇಕು. ಒಂದೇ ಒಂದು ಕಡೆ ಚಿಕ್ಕ ಎಲ್ಬೋ ಹಾಕುತ್ತೇವೆ, ಇನ್‌ಲೆಟ್ಟಿನ ಬೆನ್ನ ಹಿಂದೆ. ಅದಕ್ಕೆ ಕಾರಣವಿದೆ. ಪೆನ್ನೋ ಬಾಚಣಿಗೆಯೋ ಒಳಗೆ ಹೋದರೆ ಅಲ್ಲೇ ಸಿಕ್ಕಿಕೊಳ್ಳಲಿ ಅಂತ. ಅಲ್ಲಿ ಸಿಕ್ಕಿದರೆ ಮುಚ್ಚಳ ಬಿಚ್ಚಿ ಕೈಯಲ್ಲೇ ತೆಗೆಯಬಹುದು. ಆ ತಿರುವನ್ನು ದಾಟಿದ ವಸ್ತು ಮುಂದೆ ಎಲ್ಲೂ ನಿಲ್ಲುವುದಿಲ್ಲ.

ಮೇಷ್ಟ್ರ ಮನೆಯಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮೇಲಿನ ಮಹಡಿಯ ಲೈನಿನಲ್ಲಿ ಒಂದು ಬೆಂಡ್ ಕಡಿಮೆ ಬಿತ್ತು. ಸುಮ್ನೆ ನಿಲ್ಲಿಸೋದು ಬೇಡ ಅಂತ ಸ್ಯಾನಿಟರಿ ಲೈನಿನ ಎಲ್ಬೋ ಹಾಕಿಬಿಟ್ಟೆ. ಮೂರೇ ತಿಂಗಳು. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲು, ತೆಂಗಿನ ನಾರು, ತೋರಣದ ಒಣಗಿದ ಮಾವಿನ ಎಲೆ, ಮೂರೂ ಸೇರಿ ಅಲ್ಲಿ ಬಿರಡೆ ಆದವು. ನನ್ನ ಖರ್ಚಿನಲ್ಲೇ ವಾರ್ಡ್‌ರೋಬ್ ಬಿಚ್ಚಿಸಿ ಸರಿಮಾಡಿಕೊಟ್ಟೆ. ಅವತ್ತಿನಿಂದ ಎರಡು ಬೆಂಡ್ ಜಾಸ್ತಿಯೇ ತರಿಸುತ್ತೇನೆ.

ಕತ್ತರಿಸಿದ ಪೈಪಿನ ಒಳ ಅಂಚಿನ ಸಿಬಿರನ್ನು ಚಾಕುವಿನಲ್ಲಿ ಕೆರೆದು ತೆಗೆಯಿರಿ. ಒಂದು ಸಿಬಿರು ಉಳಿದರೂ ಕೂದಲು ಅಲ್ಲೇ ಸುತ್ತಿಕೊಳ್ಳುತ್ತದೆ. ಪೈಪು ಅಂಟಿಸುವ ಸೊಲ್ಯೂಷನ್ನನ್ನು ಪೈಪಿನ ಹೊರಮೈಗೆ ಮಾತ್ರ ಹಚ್ಚಿ. ಫಿಟಿಂಗ್ ಒಳಗೆ ಹಚ್ಚಿದರೆ ಪೈಪು ತಳ್ಳಿದಾಗ ಸೊಲ್ಯೂಷನ್ ಮುಂದೆ ಸರಿದು ಒಳಗೆ ಏಣು ಕಟ್ಟುತ್ತದೆ.

ಕವಲು ಒಡೆಯುವ ಕಡೆ ವೈ, ಅಂದರೆ Y ಆಕಾರದ ಫಿಟಿಂಗ್, ಹಾಕಿ. ಅದರ ತಿರುವು ಮೆಷಿನ್ ಕಡೆಗೆ ಬಾಗಿರಬೇಕು. ಅಡ್ಡ ಲೈನಿಗೆ ಕವಲು ಪಕ್ಕದಿಂದಲೋ ಮೇಲಿಂದಲೋ ಬಂದು ಸೇರಬೇಕು. ಕೆಳಗಿನಿಂದ ಬಂದರೆ ಬೇರೆ ಕಡೆಯ ಧೂಳು ಅದರೊಳಗೆ ಬಿದ್ದು ಕೂರುತ್ತದೆ.

ಪೈಪಿನ ಜೊತೆಗೇ ಎರಡು ಎಳೆಯ ತೆಳು ವೈರ್ ಹೋಗಬೇಕು. ಹೋಸ್ ಸಿಕ್ಕಿಸಿದಾಗ ಮೆಷಿನ್ ಆನ್ ಆಗುವುದು ಅದರಿಂದ. ಅದರಲ್ಲಿ ಹರಿಯುವುದು 24 ವೋಲ್ಟ್ ಮಾತ್ರ. ಮನೆಯ 230 ವೋಲ್ಟ್ ವೈರಿನ ಪೈಪಿನಲ್ಲಿ ಅದನ್ನು ಸೇರಿಸಬೇಡಿ. ಎಲೆಕ್ಟ್ರಿಷಿಯನ್ ಅನುಕೂಲ ಅಂತ ಸೇರಿಸಿಬಿಡುತ್ತಾರೆ, ನಿಂತು ನೋಡಿ.

ಕೆಲಸ ಮುಗಿದ ಸಂಜೆಯೇ ಎಲ್ಲ ಬಾಯಿಗೂ ಎಂಡ್ ಕ್ಯಾಪ್ ಹಾಕಿ, ಟೇಪ್ ಸುತ್ತಿ. ನಾನು ಕೆಲಸ ಮಾಡಿದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಕ್ಯಾಪ್ ತೆಗೆದು ಬೇರೆ ಕೆಲಸಕ್ಕೆ ಬಳಸಿದರು. ಪ್ಲಾಸ್ಟರಿಂಗ್ ಮಾಡುವಾಗ ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾಯಿತು. ಎರಡು ಫ್ಲ್ಯಾಟಿನ ಲೈನ್ ಹಾಗೇ ಹೋಯಿತು.

ಊದುಬತ್ತಿ ಹಚ್ಚಿ ನೋಡಿ

ನೀರಿನ ಲೈನ್ ಲೀಕ್ ಆದರೆ ತೊಟ್ಟಿಕ್ಕುತ್ತದೆ. ಗಾಳಿಯ ಲೈನ್ ಲೀಕ್ ಆದರೆ ಕಣ್ಣಿಗೆ ಕಾಣುವುದಿಲ್ಲ. ಪ್ಲಾಸ್ಟರಿಂಗ್‌ಗೆ ಮೊದಲು, ಮೆಷಿನ್ ಬರಬೇಕಾದ ತುದಿಗೆ ಯಾವುದಾದರೂ ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿಸಿ. ಉಳಿದ ಬಾಯಿಗಳೆಲ್ಲ ಮುಚ್ಚಿರಲಿ. ಫ್ಯಾನ್ ಆರಿಸಿ, ಒಂದು ಊದುಬತ್ತಿ ಹಚ್ಚಿ ಪ್ರತಿ ಜಾಯಿಂಟಿನ ಸುತ್ತ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ಜಾಯಿಂಟಿನ ಕಡೆ ಬಾಗಿ ಒಳಗೆ ಹೋದರೆ ಅಲ್ಲಿ ಲೀಕ್ ಇದೆ. ಆಮೇಲೆ ಒಂದು ಹಳೇ ಕಾಲುಚೀಲವನ್ನು ಉಂಡೆ ಮಾಡಿ ದೂರದ ಇನ್‌ಲೆಟ್ಟಿನಲ್ಲಿ ಬಿಡಿ. ಅದು ಆ ತುದಿಯಲ್ಲಿ ಬಂದು ಬಿದ್ದರೆ ಲೈನ್ ಚೆನ್ನಾಗಿದೆ.

ಮೆಷಿನ್ ಎಲ್ಲಿ, ಎಂಥದ್ದು

ಕಾರ್ ಪಾರ್ಕಿಂಗ್, ಮೆಟ್ಟಿಲ ಕೆಳಗೆ, ಯುಟಿಲಿಟಿ, ಮೂರರಲ್ಲಿ ಒಂದು. ಕೆಳಮಹಡಿ ಒಳ್ಳೆಯದು, ಧೂಳು ಇಳಿಯುತ್ತಾ ಬರುತ್ತದೆ. ಮೋಟರ್ ಬಿಸಿಯಾಗುತ್ತದೆ, ಹಾಗಾಗಿ ಮುಚ್ಚಿದ ಕಪಾಟಿನೊಳಗೆ ಬೇಡ. ಎಳೆದ ಗಾಳಿ ಹೊರಗೆ ಹೋಗುವ ಪೈಪನ್ನು ಗೋಡೆಯಾಚೆ ಬಿಡಿ. ಇದನ್ನು ಮಾಡದಿದ್ದರೆ ಇಡೀ ವ್ಯವಸ್ಥೆಗೆ ಅರ್ಥವಿಲ್ಲ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಕಸ ಹಿಡಿದರೂ, ಫಿಲ್ಟರ್ ಚೆನ್ನಾಗಿಲ್ಲದಿದ್ದರೆ ಅತಿ ನುಣುಪು ಧೂಳನ್ನು ಅದೇ ರೂಮಿಗೆ ವಾಪಸ್ ಊದುತ್ತದೆ. ಎದೆಗೆ ಇಳಿಯುವುದು ಆ ನುಣುಪು ಧೂಳೇ. ಹೊರಗಿನ ಬಾಯಿ ಪಕ್ಕದ ಮನೆಯ ಕಿಟಕಿಗೆ ಎದುರಾಗಿರಬಾರದು.

ಕರೆಂಟಿಗೆ ಬೇರೆಯೇ ಎಂಸಿಬಿ, ಬೇರೆಯೇ ವೈರ್, 16 ಆಂಪ್ ಸಾಕೆಟ್. ಮೆಷಿನ್ ಒಂದೂವರೆ ಸಾವಿರ ವಾಟ್ ಮೇಲೆಯೇ ಎಳೆಯುತ್ತದೆ. ಮನೆಯ ಯುಪಿಎಸ್‌ಗೆ ಸೇರಿಸಬೇಡಿ.

ಮಗ, ಮಗಳು ವಿದೇಶದಲ್ಲಿರುವವರಿಗೆ ಒಂದು ಎಚ್ಚರಿಕೆ. ಅಮೆರಿಕ, ಕೆನಡಾದ ಮನೆಗಳ ಕರೆಂಟು 120 ವೋಲ್ಟ್. ಅಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮೆಷಿನ್ ಕಳಿಸಿದರೆ, ಇಲ್ಲಿ 230 ವೋಲ್ಟಿಗೆ ಹಾಕಿದ ಕ್ಷಣವೇ ಸುಟ್ಟುಹೋಗುತ್ತದೆ. ಮೇಷ್ಟ್ರ ಮಗ ಆರ್ಡರ್ ಮಾಡುವುದಕ್ಕೆ ಒಂದು ದಿನ ಮೊದಲು ಫೋನಿನಲ್ಲಿ ಈ ಮಾತು ಬಂತು, ಬಚಾವಾದೆವು. ಇನ್‌ಲೆಟ್, ಹೋಸ್ ಅಲ್ಲಿಂದ ತರಿಸಬಹುದು. ಹೋಸಿನಲ್ಲಿ ಕರೆಂಟಿನ ಬ್ರಷ್ ಇದ್ದರೆ ಅದೂ ಬೇಡ. ಮೋಟರ್ 230 ವೋಲ್ಟ್, 50 ಹರ್ಟ್ಸ್‌ನದೇ ಬೇಕು. ಸರ್ವಿಸ್‌ಗೆ ಯಾರು ಬರುತ್ತಾರೆ, ಫಿಲ್ಟರ್ ಎಲ್ಲಿ ಸಿಗುತ್ತದೆ, ದುಡ್ಡು ಕೊಡುವ ಮೊದಲೇ ಕೇಳಿ.

ಬಳಸುವಾಗ

ಒಣ ಕಸ ಮಾತ್ರ. ನೀರು, ಚೆಲ್ಲಿದ ಸಾರು, ಒದ್ದೆ ಹೂವು ಬೇಡ. ದೇವರಮನೆಯ ಧೂಪದ ಬೂದಿ ಪೂರ್ತಿ ಆರದೆ ಎಳೆಯಲೇಬೇಡಿ, ಒಳಗೆ ಕೆಂಡ ಇದ್ದರೆ ಮೆಷಿನ್ನಿನ ಕಸದ ಡಬ್ಬಿಯಲ್ಲಿರುವ ಧೂಳಿಗೆ ಬೆಂಕಿ ಹತ್ತುತ್ತದೆ. ಮನೆ ಕಟ್ಟಿದ ಹೊಸದರಲ್ಲಿ ಬೀಳುವ ಸಿಮೆಂಟ್ ಪುಡಿಯನ್ನು ಇದರಲ್ಲಿ ತೆಗೆಯಬೇಡಿ, ಫಿಲ್ಟರ್ ಮುಚ್ಚಿಹೋಗುತ್ತದೆ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ. ಹಬ್ಬದ ಮರುದಿನ ಹೆಚ್ಚಿನದನ್ನು ಕೈಯಲ್ಲಿ ಎತ್ತಿ, ಉಳಿದದ್ದನ್ನು ಎಳೆಯಿರಿ.

ಪೈಪು ಕಟ್ಟಿಕೊಂಡರೆ ಗಾಬರಿ ಬೇಡ. ಹೋಸ್ ತುದಿಯನ್ನು ಅಂಗೈಯಲ್ಲಿ ಮುಚ್ಚಿ, ಎರಡು ಮೂರು ಸೆಕೆಂಡ್ ಬಿಟ್ಟು ಪಟ್ಟನೆ ತೆಗೆಯಿರಿ. ಹೀಗೆ ಐದಾರು ಸಲ. ಬಹಳಷ್ಟು ಸಲ ಇದಕ್ಕೇ ಬಿಡುತ್ತದೆ. ಕಬ್ಬಿಣದ ಕಂಬಿ ತುರುಕಬೇಡಿ. ಡಬ್ಬಿ ಖಾಲಿ ಮಾಡುವವರು ಮಾಸ್ಕ್ ಹಾಕಿಕೊಂಡು, ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಲಿ. ಆ ಕೆಲಸವನ್ನು ಮನೆಗೆಲಸದವರಿಗೆ ಹೇಳಿದರೆ ಮಾಸ್ಕ್ ನೀವೇ ಕೊಡಿ.

ಅಪಾರ್ಟ್‌ಮೆಂಟ್ ಆದರೆ

ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಮೆಷಿನ್ ಹಾಕೋಣ ಅಂತ ಬಿಲ್ಡರ್‌ಗಳು ಕೇಳುತ್ತಾರೆ. ಮನೆ ಮನೆಗೆ ಅದನ್ನು ನಾನು ಒಪ್ಪುವುದಿಲ್ಲ. ಬೆಳಗ್ಗೆ ಎಂಟಕ್ಕೆ ಎಲ್ಲರೂ ಒಟ್ಟಿಗೆ ಹೋಸ್ ಸಿಕ್ಕಿಸಿದರೆ ಯಾರಿಗೂ ಎಳೆತ ಸಿಗುವುದಿಲ್ಲ. ಒಂದು ಮನೆಯ ಕಸದಿಂದ ಲೈನ್ ಕಟ್ಟಿಕೊಂಡರೆ ಹತ್ತು ಮನೆಯ ಕೆಲಸ ನಿಲ್ಲುತ್ತದೆ. ಕರೆಂಟ್ ಬಿಲ್ ಹಂಚುವಾಗ ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ. ಮೆಟ್ಟಿಲು, ಕಾರಿಡಾರ್, ಲಿಫ್ಟ್ ಲಾಬಿಗೆ ಒಂದು ಸಾಮಾನ್ಯ ಮೆಷಿನ್ ಇರಲಿ, ಹೌಸ್‌ಕೀಪಿಂಗಿನವರ ಎದೆ ಉಳಿಯುತ್ತದೆ. ಫ್ಲ್ಯಾಟುಗಳಿಗೆ ಒಂದೊಂದು ಚಿಕ್ಕ ಮೆಷಿನ್, ಯುಟಿಲಿಟಿ ಬಾಲ್ಕನಿಯಲ್ಲಿ. ಪ್ಲಾಸ್ಟಿಕ್ ಪೈಪು ಮಹಡಿಯಿಂದ ಮಹಡಿಗೆ ದಾಟುವ ಕಡೆ ಬೆಂಕಿ ತಡೆಯುವ ಕಾಲರ್ ಹಾಕಿಸಲೇಬೇಕು. ಬೆಂಕಿ ಬಿದ್ದಾಗ ಪೈಪು ಕರಗಿದರೂ ಅದು ಉಬ್ಬಿ ತೂತು ಮುಚ್ಚುತ್ತದೆ.

ಈಗಾಗಲೇ ಕಟ್ಟಿದ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿರುವವರಿಗೆ ನೇರವಾಗಿ ಹೇಳುತ್ತೇನೆ, ಇದು ಬೇಡ. ಗೋಡೆ ಒಡೆಯುವ ಖರ್ಚಿಗೆ, ನುಣುಪು ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ. ಬಾಡಿಗೆ ಮನೆಯವರಿಗಂತೂ ಬೇಡವೇ ಬೇಡ.

ರೋಬಾಟ್ ಬಂದಿದೆಯಲ್ಲ, ಇನ್ಯಾಕೆ ಪೈಪು?

ಈಚೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ರೋಬಾಟ್ ಒಳ್ಳೆಯದೇ. ಆದರೆ ನಮ್ಮ ಮನೆಗಳ ಹೊಸಿಲು ದಾಟುವುದು ಅದಕ್ಕೆ ಕಷ್ಟ, ಡ್ಯೂಪ್ಲೆಕ್ಸಿನ ಮೆಟ್ಟಿಲು ಹತ್ತುವುದಿಲ್ಲ, ಹಾಸಿಗೆ, ಪರದೆ, ಫ್ಯಾನಿನ ರೆಕ್ಕೆ ಅದರ ಕೈಗೆ ಸಿಗುವುದಿಲ್ಲ. ಅದರ ಡಬ್ಬಿಯೂ ಪುಟ್ಟದು. ಈಗ ಬರುತ್ತಿರುವ ಕೆಲವು ರೋಬಾಟುಗಳು ತಮ್ಮ ನಿಲ್ದಾಣಕ್ಕೆ ಹೋಗಿ ಧೂಳನ್ನು ಅಲ್ಲಿನ ಚೀಲಕ್ಕೆ ಖಾಲಿ ಮಾಡುತ್ತವೆ. ಆ ಚೀಲವೂ ಮನೆಯೊಳಗೇ ಇರುತ್ತದೆ. ನಾಳೆ ಆ ನಿಲ್ದಾಣಕ್ಕೇ ಗೋಡೆಯ ಪೈಪು ಸೇರಿದರೆ? ರೋಬಾಟ್ ಗುಡಿಸುತ್ತದೆ, ಪೈಪು ಹೊರಗೆ ಸಾಗಿಸುತ್ತದೆ. ಇವೆರಡೂ ಜಗಳವಾಡುವ ವಸ್ತುಗಳಲ್ಲ ಅನ್ನುವುದು ನನ್ನ ನಂಬಿಕೆ. ಅದಕ್ಕೇ ಈಗ ನಾನು ಹಾಕುವ ಪ್ರತಿ ಮನೆಯಲ್ಲೂ ಹಾಲಿನ ಒಂದು ಮೂಲೆಗೆ, ನೆಲದಿಂದ ನಾಲ್ಕೇ ಇಂಚು ಮೇಲೆ, ಒಂದು ಹೆಚ್ಚಿನ ಇನ್‌ಲೆಟ್ ಪಾಯಿಂಟು, ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟು ಬಿಡುತ್ತೇನೆ. ಸದ್ಯಕ್ಕೆ ಮುಚ್ಚಳ ಹಾಕಿರುತ್ತದೆ.

ದೊಡ್ಡ ಅಳತೆಯಲ್ಲಿ ಇದು ನಡೆದೇ ಇದೆ. ಸ್ವೀಡನ್ನಿನ ಸೊಲೆಫ್ಟಿಯೊ ಎಂಬ ಊರಿನ ಆಸ್ಪತ್ರೆಯಲ್ಲಿ 1961ರಲ್ಲೇ ಕಸವನ್ನು ಗಾಳಿಯ ಪೈಪಿನಲ್ಲಿ ಎಳೆಯಲು ಶುರುಮಾಡಿದರು. ನಮ್ಮ ದೇಶದಲ್ಲೂ ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಕಟ್ಟಡಗಳ ಕಸ ನೆಲದಡಿಯ ಪೈಪಿನಲ್ಲಿ ಹೋಗುತ್ತದೆ. ಕೋಲಾರದ 30x40 ಸೈಟಿಗೆ ಬೇಕಿರುವುದು ಎರಡಿಂಚಿನ ಪೈಪು ಅಷ್ಟೇ. ಇಡೀ ಸೆಟ್ಟಿನಲ್ಲಿ ಪೈಪಿನ ಖರ್ಚು ಚಿಕ್ಕ ಪಾಲು, ದೊಡ್ಡದು ಮೆಷಿನ್ನಿನದು. ಕೈ ಬಿಗಿ ಇರುವವರು ಈಗ ಪೈಪು ಮಾತ್ರ ಹಾಕಿಸಿ.

ಕೊನೆಯದಾಗಿ ಒಂದು ಕೆಲಸ. ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ, ಪೈಪು ಹೋದ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅನ್ನುವುದು ಕಾಣಬೇಕು. ಹತ್ತು ವರ್ಷ ಬಿಟ್ಟು ಟಿವಿ ಹಾಕಲು ಯಾರಾದರೂ ಡ್ರಿಲ್ ಹಿಡಿದು ಬರುತ್ತಾರೆ. ಫೋನ್ ಬದಲಾದರೆ ಫೋಟೋ ಹೋಗುತ್ತದೆ, ಹಾಗಾಗಿ ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿ. ಮೇಷ್ಟ್ರ ಮನೆಯಲ್ಲಿ ಅದು ಈಗಲೂ ಅಲ್ಲೇ ಇದೆ, ಅವರದೇ ದುಂಡು ಅಕ್ಷರದಲ್ಲಿ ಅಡಿ, ಇಂಚು ಬರೆದು.